ಅಗಲ ಟಯರು

ಗಿರಿಜಾ ಶೆಡ್ತಿಗೆ ಜೀಪು ಬಂದದ್ದು ಸೋದರಮಾವನ ಕಡೆಯಿಂದ. ಮಾವ ತೀರಿಕೊಂಡು ಗದ್ದೆ, ತೋಟ ಎಲ್ಲ ಪಾಲಾಗುವಾಗ ಎಪ್ಪತ್ತರ ದಶಕದ ಆ ಗಾಡಿ ತನಗೆ ಬೇಕೆಂದು ಯಾರೂ ಮುಂದೆ ಬರಲಿಲ್ಲ. ಮಾವ ಇದ್ದಾಗಲೇ ಪಕ್ಕದಲ್ಲಿ ಕೂತು ಅದನ್ನು ಓಡಿಸಲು ಕಲಿತವಳು ಗಿರಿಜಾ ಒಬ್ಬಳೇ. ಮದುವೆಯಾಗಿ ಗಂಡ ಲೀಲಾಧರನ ಜೊತೆ ಮುಂಬಯಿಗೆ ಹೋಗಿ, ಅಲ್ಲಿಯ ಹೋಟೆಲು ಮುಚ್ಚಿ ಊರಿಗೆ ಮರಳಿ, ಕೋಟದ ಹೆದ್ದಾರಿ ಬದಿಯಲ್ಲಿ ಮೀನೂಟದ ಹೋಟೆಲು ತೆರೆದ ಮೇಲೆ ಜೀಪಿಗೆ ಪುನಃ ಕೆಲಸ ಸಿಕ್ಕಿತು. ಗಂಗೊಳ್ಳಿ ಬಂದರಿನಿಂದ ಹೋಟೆಲಿಗೆ ಮೀನು ತರುವುದು ಅವಳ ಜವಾಬ್ದಾರಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಐಸಿನ ಪೆಟ್ಟಿಗೆ ಹೇರಿಕೊಂಡು ಅವಳು ಹೋಗುವುದನ್ನು ನೋಡಿ ನೋಡಿ ಹೆದ್ದಾರಿಯ ಅಂಗಡಿಯವರು ಅವಳಿಗೆ ಜೀಪಕ್ಕ ಎಂದೇ ಹೆಸರಿಟ್ಟಿದ್ದರು. ಆ ಹೆಸರು ಅವಳಿಗೆ ಒಳಗೊಳಗೇ ಬಹಳ ಇಷ್ಟ. ಅರವತ್ತು ದಾಟಿದ ಮೇಲಂತೂ ಇನ್ನೂ ಇಷ್ಟವಾಗತೊಡಗಿತ್ತು.

ಆ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ಜೀಪಿನ ಟಯರುಗಳು ನುಣ್ಣಗೆ ಸವೆದಿದ್ದವು. ಬದಿಯ ರಬ್ಬರು ಒಡೆದು ಗೆರೆಗೆರೆಯಾಗಿತ್ತು. ಬದಲಾಯಿಸಬೇಕೆಂದು ಎಲ್ಲರಿಗೂ ಗೊತ್ತಿತ್ತು. ಅದೇ ಸಮಯಕ್ಕೆ ಬ್ರಹ್ಮಾವರದ ಒಂದು ಮೈದಾನದಲ್ಲಿ ಹಳೆಯ ಜೀಪುಗಳನ್ನು ಇಟ್ಟುಕೊಂಡವರೆಲ್ಲ ಒಟ್ಟು ಸೇರಿದರು. ಮಗಳು ಶ್ರಾವ್ಯ ಒತ್ತಾಯ ಮಾಡಿ ಅಮ್ಮನನ್ನೂ ಜೀಪನ್ನೂ ಅಲ್ಲಿಗೆ ಕರೆದುಕೊಂಡು ಹೋದಳು. ಬಂದವರಲ್ಲಿ ಹೆಚ್ಚಿನವರು ಪ್ರಾಯದ ಹುಡುಗರು. ಅವರ ಜೀಪುಗಳಿಗೆ ಮಡ್‌ಗಾರ್ಡಿನಿಂದ ಹೊರಗೆ ಚಾಚಿದ, ಮೈತುಂಬ ದೊಡ್ಡ ದೊಡ್ಡ ರಬ್ಬರು ಗಟ್ಟಿಗಳೆದ್ದ ಅಗಲ ಟಯರುಗಳು. ಜನ ಅವುಗಳ ಎದುರು ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ಹುಡುಗ ಗಿರಿಜಾಳ ಜೀಪಿನ ಸುತ್ತ ಒಂದು ಬಾರಿ ಬಂದು, “ಟಯರ್ ಸೈಕಲಿಂದ್ ತೆಗ್ದ್ ಹಾಕದ್ದಾ ಅಕ್ಕ?” ಎಂದ. ತಮಾಷೆಗೆ ಹೇಳಿದ ಮಾತು. ಸುತ್ತಲಿದ್ದವರು ನಕ್ಕರು, ಗಿರಿಜಾಳೂ ಅವರ ಜೊತೆ ನಕ್ಕಳು. ಆದರೆ ಮನೆ ತಲುಪಿ ಇಳಿದವಳೇ ಟಯರುಗಳನ್ನು ಒಮ್ಮೆ ತಿರುಗಿ ನೋಡಿದಳು.

ಮರುವಾರ ತಾಯಿ ಮಗಳು ಕುಂದಾಪುರದ ಟಯರಂಗಡಿಗೆ ಹೋದರು. ಅಂಗಡಿಯ ಪ್ರವೀಣ್ ನಲವತ್ತರ ಆಸುಪಾಸಿನವನು, ಜೀಪನ್ನು ಮೊದಲಿನಿಂದಲೂ ಬಲ್ಲವನು. ಅವನು ಒಳಗಿನಿಂದ ಕಡಿಮೆ ಅಗಲದ ಸಪೂರ ಟಯರೊಂದನ್ನು ಉರುಳಿಸಿಕೊಂಡು ಬಂದ.

“ಅಕ್ಕ, ಈ ಗಾಡಿಗೆ ಹಳೇ ಅಳತಿದೇ ಸಮ. ಸಪೂರ ಇದ್ರೂ ಕೆಸ್ರಲ್ಲಿ ಕೆಳಗ್ ಇಳ್ದ್ ಗಟ್ಟಿ ನೆಲ ಹಿಡಿತ್ತ್.”

ಗಿರಿಜಾ ಗೋಡೆಗೆ ಒರಗಿಸಿಟ್ಟಿದ್ದ ಅಗಲ ಟಯರಿನ ಮೇಲೆ ಕೈಯಾಡಿಸುತ್ತಿದ್ದಳು. “ಇದ್ ಎಂತಕ್ಕೆ ಇಟ್ಟದ್ದ್ ಹಂಗಾರೆ?”

“ಅದ್ ಆ ಗಂಡ್ ಮಕ್ಳ್ ಹಾಕ್ಸ್ಕಂಬ್ದ್. ರಿಮ್ಮೂ ಬೇರೆ ಬೇಕಾತ್ತ್. ಮತ್ತೆ ಸ್ಟೇರಿಂಗ್ ಭಾರ ಆತ್ತ್ ಅಕ್ಕ, ಪವರ್ ಸ್ಟೇರಿಂಗ್ ಇಲ್ದಿದ್ ಗಾಡಿ ಅಲ್ದಾ. ನಿಮ್ಗೆ ಈ ಪ್ರಾಯದಲ್ಲಿ…”

ಪ್ರವೀಣ್ ಮಾತು ನುಂಗಿಕೊಂಡ. ಆದರೆ ಆಗಲೇ ತಡವಾಗಿತ್ತು.

“ಈ ಪ್ರಾಯದಲ್ಲಿ ಎಂತ?” ಎಂದಳು ಗಿರಿಜಾ.

“ಅಮ್ಮ, ಪ್ರವೀಣಣ್ಣ ಹೇಳದ್ದ್ ಸಮ ಇತ್ತ್,” ಎಂದು ಶ್ರಾವ್ಯ ನಡುವೆ ಬಂದಳು. “ಅಂಥ ಟಯರ್ ಇದ್ದ್ ಗಾಡಿ ಒಂದ್ ಸಲ ಓಡ್ಸಿ ಕಾಣ್. ಮತ್ತೆ ಬೇಕಾರೆ ಹಾಕ್ಸುವ.”

“ಓಡ್ಸಿ ಕಾಂಬ್ದ್ ಎಂತ ಇತ್ತ್? ನೀ ಹುಟ್ಟುಕ್ ಮೊದ್ಲೇ ನಾನ್ ಈ ಗಾಡಿಲಿ ಘಾಟಿ ಹತ್ತಿದ್ದೆ. ಪ್ರವೀಣ, ಅಗಲದ್ದೇ ಹಾಕಿ.”

ಅವನು ಕೆಲಸದವರನ್ನು ಕರೆದ. ಹೊಸ ಟಯರು ಹಾಕಿದ ಜೀಪು ಎತ್ತರವಾಗಿ, ಅಗಲವಾಗಿ, ಬೇರೆಯೇ ಗಾಡಿಯ ಹಾಗೆ ಕಂಡಿತು. ಹೆದ್ದಾರಿಗೆ ಬಂದ ಮೇಲೆ ಏನೂ ತೊಂದರೆ ಅನ್ನಿಸಲಿಲ್ಲ. ಬರೀ ಟಯರಿನ ಗುಂಯ್ ಶಬ್ದ. ಕೋಟದಲ್ಲಿ ಹಣ್ಣಿನ ಅಂಗಡಿಯವನು ಕೈಯೆತ್ತಿ, “ಹ್ವಾಯ್ ಜೀಪಕ್ಕ, ಗಾಡಿ ಭಾರಿ ಆಯ್ತಲ!” ಎಂದು ಕೂಗಿದಾಗ ಅವಳಿಗೆ ಮೈ ಹಗುರವಾಯಿತು. ಹೋಟೆಲಿನ ಅಂಗಳಕ್ಕೆ ತಿರುಗಿಸುವಾಗಲೇ ಗೊತ್ತಾದದ್ದು. ಸ್ಟೇರಿಂಗ್ ಕಲ್ಲಿನ ಹಾಗೆ ನಿಂತಿತ್ತು. ಸೀಟಿನಿಂದ ಅರ್ಧ ಎದ್ದು, ಮೈಯ ಭಾರವೆಲ್ಲ ಹಾಕಿ ಎಳೆದ ಮೇಲೆ ಜೀಪು ಒಳಗೆ ಬಂತು. ಒಳಗಿನಿಂದ ಗಂಡ ನೋಡುತ್ತಿದ್ದಾನೋ ಎಂದು ಅವಳು ಮೊದಲು ಕಿಟಕಿಯ ಕಡೆ ಕಣ್ಣು ಹಾಯಿಸಿದಳು. ಲೀಲಾಧರ ಗಲ್ಲಾಪೆಟ್ಟಿಗೆಯ ಹತ್ತಿರ ಯಾರೊಡನೆಯೋ ಮಾತಾಡುತ್ತಿದ್ದ.

ಆಮೇಲೆ ಅವಳು ಹೆಚ್ಚು ತಿರುಗಿಸಬೇಕಾಗದ ಜಾಗ ನೋಡಿ ಗಾಡಿ ನಿಲ್ಲಿಸಲು ಕಲಿತಳು. ಹಿಂದೆ ತೆಗೆಯುವಾಗ ಯಾರೂ ಇಲ್ಲದ ಹೊತ್ತು ಕಾಯುತ್ತಿದ್ದಳು. ಸಂಜೆ ಭುಜಕ್ಕೆ ಮುಲಾಮು ಹಚ್ಚುವಾಗ ಲೀಲಾಧರ ಕೇಳಿದರೆ ದೊಡ್ಡ ಪಾತ್ರೆ ಎತ್ತಿದ್ದಕ್ಕೆ ಎನ್ನುತ್ತಿದ್ದಳು. ಟಯರು ತಪ್ಪಾಯಿತು ಎಂದು ಹೇಳಿದರೆ ಟಯರಿನ ಮಾತಷ್ಟೇ ಆಗುವುದಿಲ್ಲ, ನಿನ್ನ ಕೈಲಿ ಇನ್ನು ಆಗುವುದಿಲ್ಲ ಎಂದು ಎಲ್ಲರೂ ಹೇಳಿದ ಹಾಗಾಗುತ್ತದೆ ಎಂಬ ಅಂಜಿಕೆ ಅವಳಿಗೆ.

ಗಂಗೊಳ್ಳಿಯಲ್ಲಿ ಬಂದರಿಗೆ ಇಳಿಯುವ ಗಲ್ಲಿಯೊಂದು ಐಸ್ ಪ್ಲಾಂಟಿನ ಹತ್ತಿರ ಬಲಕ್ಕೆ ತಿರುಗುತ್ತದೆ. ಆ ತಿರುವಿನ ಗೋಡೆಗೆ ತಾಗಿ ಐದಾರು ಹೆಂಗಸರು ಹಲಗೆ ಹಾಕಿಕೊಂಡು ಮೀನು ಮಾರುತ್ತಿದ್ದರು. ತುದಿಯಲ್ಲಿ ಕೂರುತ್ತಿದ್ದವಳು ಜಲಜ. ನಾವುಂದದಿಂದ ಬೆಳಗಿನ ಬಸ್ಸಿಗೆ ಬಂದು, ಹರಾಜಿನಲ್ಲಿ ಮೀನು ಕೊಂಡು, ಗಿರಿಜಾಳ ಹೋಟೆಲಿಗೆ ಬೇಕಾದ ಬಂಗುಡೆ, ಕಾಣೆಯನ್ನು ಬೇರೆಯೇ ಪೆಟ್ಟಿಗೆಯಲ್ಲಿ ಐಸು ಹಾಕಿ ಇಟ್ಟಿರುತ್ತಿದ್ದಳು. ಹೋಟೆಲು ಶುರುವಾದಾಗಿನಿಂದ ಹಾಗೆಯೇ. ಗಿರಿಜಾ ಬರುವುದು ತಡವಾದರೆ ಬೇರೆ ಯಾರು ಎಷ್ಟು ಕೇಳಿದರೂ ಅವಳು ಆ ಪೆಟ್ಟಿಗೆ ಕೊಡುತ್ತಿರಲಿಲ್ಲ.

ಅವತ್ತು ಬಂದರಿಗೆ ಮೀನು ಹೇರಳ ಬಂದಿತ್ತು. ಗಲ್ಲಿಯ ತುಂಬ ಸ್ಕೂಟರು, ರಿಕ್ಷಾ. ಜೀಪಿನ ಬೆನ್ನಿಗೇ ಬೈಂದೂರು ಕಡೆಯ ಟೆಂಪೊ ಒಂದು ಹಾರ್ನ್ ಬಾರಿಸುತ್ತ ನಿಂತಿತ್ತು. ಗಿರಿಜಾ ನಿಧಾನಕ್ಕೆ ತಿರುವಿಗೆ ಬಂದು ಸ್ಟೇರಿಂಗ್ ಎಳೆದಳು. ಅರ್ಧ ತಿರುಗಿತು. ಎದ್ದು ಎರಡೂ ಕೈಯಿಂದ ಎಳೆದಳು. ಬಲ ಭುಜದಲ್ಲಿ ಚಳಕ್ ಎಂದು ನೋವೆದ್ದು ಕೈಯ ಹಿಡಿತ ಬಿಟ್ಟುಹೋಯಿತು. ಸ್ಟೇರಿಂಗ್ ಸರ್ರನೆ ವಾಪಸು ಸುತ್ತಿತು. ಅವಳು ಬ್ರೇಕ್ ಒತ್ತುವಷ್ಟರಲ್ಲಿ ಮುಂದಿನ ಚಕ್ರ ಗೋಡೆಯ ಬದಿಗೆ ನುಗ್ಗಿ ಜಲಜಳ ಹಲಗೆ, ಬುಟ್ಟಿ, ತಕ್ಕಡಿ, ಕೊಡೆ ಎಲ್ಲವನ್ನೂ ಮೆಟ್ಟಿ ನಿಂತಿತ್ತು. ಜಲಜ ಹಾರಿ ಹಿಂದೆ ಬಿದ್ದಿದ್ದಳು. ಅವಳ ಕಾಲು ಮಡಚಿಕೊಂಡಿತ್ತು.

ಗಿರಿಜಾ ಕೆಳಗಿಳಿದಳು. ಪೆಟ್ಟಾಯಿತಾ ಎಂದು ಕೇಳಬೇಕು ಎಂದುಕೊಳ್ಳುತ್ತಲೇ ಎರಡು ಹೆಜ್ಜೆ ಹಾಕಿದಳು. ಆಗ ಟೆಂಪೊದವನು ತಲೆ ಹೊರಗೆ ಹಾಕಿ, “ತಿರ್ಗ್ಸುಕ್ ಬರ್ದಿದ್ ಹೆಂಗಸ್ರಿಗೆ ಇಷ್ಟ್ ದೊಡ್ಡ್ ಟಯರ್ ಎಂತಕ್ಕಪಾ!” ಎಂದು ಕೂಗಿದ. ಸೇರಿದ್ದ ಜನರಲ್ಲಿ ಯಾರೋ ನಕ್ಕರು. ಗಿರಿಜಾಳ ಕಿವಿಯವರೆಗೆ ಬಿಸಿಯೇರಿತು.

“ದಾರಿಗ್ ಅಡ್ಡ ಬುಟ್ಟಿ ಇಟ್ಕಂಡ್ ಕೂಕಂಡ್ರೆ ಗಾಡಿ ತಿರ್ಗುದ್ ಹ್ಯಾಂಗೆ?” ಎಂದು ಅವಳು ಜಲಜಳಿಗೆ ಕೇಳಿದಳು. ಇಡೀ ಗಲ್ಲಿಗೆ ಕೇಳುವಷ್ಟು ಗಟ್ಟಿಯಾಗಿ.

ಜಲಜ ಅವಳ ಮುಖ ನೋಡಿದಳು.

ಎದುರಿಗೆ ಬಲೆ, ಹಗ್ಗ ಮಾರುವ ಅಂಗಡಿಯಿಟ್ಟ ಜಿತೇಂದ್ರ ಹೊರಗೆ ಬಂದಿದ್ದ. ಆ ಗಲ್ಲಿಯ ಅಂಗಡಿಯವರ ಪರವಾಗಿ ಮಾತಾಡುವವನು ಅವನೇ. “ಸಮ ಹೇಳಿರಿ ಗಿರಿಜಕ್ಕ. ಎಷ್ಟ್ ಸಲ ಹೇಳ್ರೂ ಇವ್ರಿಗೆ ಗೊತ್ತಾತಿಲ್ಲೆ. ಇವತ್ತ್ ಬುಟ್ಟಿ ಹೋಯ್ತ್, ನಾಳೆ ಜೀವ ಹೋತ್ತ್,” ಎಂದ.

ನಾಲ್ಕು ಜನ ಸೇರಿ ಜೀಪನ್ನು ಹಿಂದಕ್ಕೆ ತಳ್ಳಿದರು. ಜಲಜ ಗೋಡೆ ಹಿಡಿದು ಎದ್ದು, ಜಜ್ಜಿಹೋದ ಬಂಗುಡೆಗಳನ್ನು ಬುಟ್ಟಿಗೆ ಹಾಕತೊಡಗಿದಳು. ಗಿರಿಜಾ ಗಾಡಿ ಹತ್ತಲು ಹೊರಟಾಗ ಅವಳು ತಲೆಯೆತ್ತದೆ, “ನಿಮ್ ಮೀನ್ ಐಸ್ ಪ್ಲಾಂಟಿನ ಒಳ್ಗ್ ಇಟ್ಟಿದೆ ಅಮ್ಮ. ತಕಂಡ್ ಹೋಯ್ನಿ,” ಎಂದಳು.

ಗಿರಿಜಾ ಆ ಪೆಟ್ಟಿಗೆ ತೆಗೆದುಕೊಂಡೇ ಮನೆಗೆ ಬಂದಳು. ಮಧ್ಯಾಹ್ನ ಹೋಟೆಲಿನಲ್ಲಿ ಜನ ಆ ಮೀನನ್ನು ಹೊಗಳಿ ತಿಂದರು. ಅವಳಿಗೆ ಒಂದು ತುತ್ತೂ ಇಳಿಯಲಿಲ್ಲ.

ಲೀಲಾಧರನಿಗೆ ಅವಳು ಬುಟ್ಟಿ ದಾರಿಯ ಬದಿಗೆ ಇತ್ತು ಎಂದು ಹೇಳಿದಳು. ಪಕ್ಕದ ಮನೆಯವರು ಕೇಳಿದಾಗ ಬುಟ್ಟಿ ದಾರಿಗೆ ಚಾಚಿತ್ತು. ಹೋಟೆಲಿಗೆ ಬರುವ ಪರಿಚಯದವರು ಕೇಳುವಷ್ಟರಲ್ಲಿ ಅದು ದಾರಿಯ ನಟ್ಟನಡುವೆಯೇ ಇತ್ತು. ಹೇಳುತ್ತಿರುವಾಗ ತನ್ನ ಧ್ವನಿ ತನಗೇ ಬೇರೆ ಯಾರದೋ ಧ್ವನಿಯ ಹಾಗೆ ಕೇಳುತ್ತಿತ್ತು. ಹೊಸ ತಕ್ಕಡಿ, ಹೊಸ ಕೊಡೆ ಕೊಂಡು ಬಸ್ಸಿನವನ ಕೈಯಲ್ಲಿ ಕಳಿಸಿದಳು. ಅವು ತಲುಪಿದವೆಂದು ಅವನು ಹೇಳಿದ. ಜಲಜ ಏನಾದರೂ ಹೇಳಿದಳಾ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಒಂದು ಬೆಳಿಗ್ಗೆ ಶ್ರಾವ್ಯ ಜೀಪು ತೊಳೆಯುತ್ತಿದ್ದಳು. ಮಡ್‌ಗಾರ್ಡಿನ ಒಳಗೆ, ಚಕ್ರ ತಿರುಗಿಸಿದಾಗೆಲ್ಲ ಅಗಲ ಟಯರು ಉಜ್ಜಿ ಉಜ್ಜಿ ಬಣ್ಣ ಕಿತ್ತುಹೋಗಿತ್ತು. ಅವಳು ಅಲ್ಲಿ ಬೆರಳಿಟ್ಟು ನೋಡಿ, ನಿಧಾನಕ್ಕೆ ಕೇಳಿದಳು: “ಅಮ್ಮ, ಅವತ್ತ್ ಸ್ಟೇರಿಂಗ್ ತಿರ್ಗ್ಲಿಲ್ಯಾ?”

“ಬುಟ್ಟಿ ಇತ್ತ್ ಅಂತ ಎಷ್ಟ್ ಸಲ ಹೇಳ್ಕ್ ನಿಂಗೆ?” ಎಂದು ಗಿರಿಜಾ ಗದರಿದಳು. ಮಗಳು ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಅಂದಿನಿಂದ ಗಿರಿಜಾ ಊಟ ಬಡಿಸುವಾಗ ಮಗಳ ಕಣ್ಣು ತಪ್ಪಿಸತೊಡಗಿದಳು.

ಗಂಗೊಳ್ಳಿಗೆ ಹೋಗುವುದನ್ನೂ ಬಿಟ್ಟಳು. ಮನೆಮನೆಗೆ ಬರುವ ಮೀನಿನ ಗಾಡಿಯಿಂದ ತೆಗೆದುಕೊಂಡರಾಯಿತು ಎಂದಳು. ಕೆಲವು ದಿನದಲ್ಲೇ ಗಿರಾಕಿಗಳು ಮೀನು ಮೊದಲಿನ ಹಾಗಿಲ್ಲ ಎನ್ನತೊಡಗಿದರು. ಕೊನೆಗೆ ಲೀಲಾಧರನೇ ಸ್ಕೂಟರು ತೆಗೆದುಕೊಂಡು ಬಂದರಿಗೆ ಹೋದ. ಮರಳಿ ಬಂದವನ ಮುಖದಲ್ಲಿ ಒಂದು ರೀತಿಯ ಹೆಮ್ಮೆ ಇತ್ತು.

“ನಿನ್ ಮಾತಿಗ್ ಬೆಲೆ ಇತ್ತ್ ಕಾಣ್ ಗಿರಿಜ. ಆ ಐಸ್ ಪ್ಲಾಂಟಿನ ತಿರುವಂಗೆ ಕೂಕಂಬ ಹೆಂಗಸ್ರ್ನೆಲ್ಲ ಎಬ್ಸಿರ್. ಜೀಪಕ್ಕನೇ ಹೇಳಿರ್, ಇನ್ ಅಲ್ಲಿ ಕೂಕಂಬುಕಾಗ ಅಂತ ಜಿತೇಂದ್ರ ಎಲ್ಲರ್ ಹತ್ರವೂ ಹೇಳಿ ಒಪ್ಸ್ದ ಅಂಬ್ರ್.”

ಗಿರಿಜಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. “ಜಲಜ ಎಲ್ಲಿತ್ತ್ ಈಗ?”

“ಐಸ್ ಪ್ಲಾಂಟಿನ ಹಿಂಬದಿಗೆ. ಅಲ್ಲಿಗೆ ಯಾರ್ ಹೋತ್ರ್ ಮೀನ್ ತಕಂಬುಕೆ? ನೀರ್ ನಿಂತ್ಕಂಡ್ ಕೆಸ್ರ್ ಬೇರೆ. ಅವ್ಳಿಗೆ ಕಾಲೂ ಸಮ ಆಯ್ಲಿಲ್ಲೆ, ಕುಂಟ್ತಾ ಇತ್ತ್.” ಅವನು ತಂದ ಮೀನನ್ನು ನೀರಿಗೆ ಹಾಕುತ್ತ ಹೇಳಿದ. “ನಿನ್ನ ಕೇಂಡ್ಳ್. ಅಮ್ಮಂಗ್ ಹುಷಾರಿಲ್ಯಾ, ಬಪ್ಪುದೇ ಇಲ್ಲೆ ಅಂತ.”

ಗಿರಿಜಾ ಒಲೆ ಸಣ್ಣ ಮಾಡಿ ಹಿಂಬಾಗಿಲಿನಿಂದ ಹೊರಗೆ ಹೋಗಿ ತೆಂಗಿನ ಬುಡದಲ್ಲಿ ನಿಂತಳು. ಜಲಜ ಬೈದಿದ್ದರೆ, ದೂರು ಕೊಟ್ಟಿದ್ದರೆ ತಾನೂ ಎದುರು ಮಾತಾಡಬಹುದಿತ್ತು. ಅವಳು ತನ್ನ ಆರೋಗ್ಯ ಕೇಳಿದ್ದಳು. ಗಿರಿಜಾಳಿಗೆ ತನ್ನ ಮುಖವನ್ನು ಎಲ್ಲಿ ಅಡಗಿಸಲಿ ಎಂದಾಯಿತು.

ಮರುದಿನ ಅವಳು ಒಬ್ಬಳೇ ಕುಂದಾಪುರಕ್ಕೆ ಹೋದಳು. ಪ್ರವೀಣನ ಅಂಗಡಿಯ ಎದುರು ಗಾಡಿ ನಿಲ್ಲಿಸಿ, ಸೀಟಿನಿಂದ ಇಳಿಯುವ ಮೊದಲೇ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಿದ್ದಳು.

“ಪ್ರವೀಣ, ಇದ್ ಭಾರಿ ಶಬ್ದ ಮಾಡ್ತ್. ಹೈವೇಲಿ ಹೋಪುಕ್ ಆತಿಲ್ಲೆ, ಕಿವಿ ಗುಂಯ್ ಅಂತ್ತ್. ತೆಗ್ದ್ ಹಳೇ ಅಳತಿದ್ ಹಾಕಿ.”

“ಹೌದಕ್ಕ, ಅದ್ ಶಬ್ದ ಹೌದೇ,” ಎಂದು ಅವನು ಕೂಡಲೇ ಒಪ್ಪಿಕೊಂಡ. ನಾನು ಅವತ್ತೇ ಹೇಳಿದ್ದೆ ಎಂಬ ನೆರಳು ಕೂಡ ಅವನ ಮುಖದಲ್ಲಿ ಇರಲಿಲ್ಲ. ಸಪೂರದ ಟಯರುಗಳಲ್ಲಿ ಎರಡು ನಮೂನೆ ತಂದಿಟ್ಟ. ಒಂದರ ಗಟ್ಟಿಗಳು ದೊಡ್ಡವು, ದೂರದೂರ, ಕೆಸರಿಗೆ ಒಳ್ಳೆಯದು. ಇನ್ನೊಂದರವು ಒತ್ತೊತ್ತಾಗಿ ಇದ್ದವು, ಡಾಂಬರಿನ ಮೇಲೆ ಮೆತ್ತಗೆ ಓಡುತ್ತದೆ. “ಶಬ್ದ ಬ್ಯಾಡ ಅಂದ್ರೆ ಈ ಒತ್ತಿದ್ದೇ ಸಮ ಅಕ್ಕ,” ಎಂದ.

ಗಿರಿಜಾ ಎರಡನ್ನೂ ನೋಡಿದಳು. ಪಂಕ್ಚರ್ ಹಾಕಿಸಲು ಬಂದ ಇಬ್ಬರು ಬೆಂಚಿನ ಮೇಲೆ ಕೂತಿದ್ದರು. ಇಲ್ಲಿಯೂ ಒಂದು ಸುಳ್ಳು ಹೇಳಿ, ಆ ಸುಳ್ಳಿಗೆ ಹೊಂದುವ ಟಯರು ಆರಿಸಿಕೊಂಡು ಹೋಗುತ್ತಿದ್ದೇನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

“ಶಬ್ದದ್ ವಿಷ್ಯ ಅಲ್ಲ ಪ್ರವೀಣ,” ಎಂದಳು. “ನಂಗ್ ತಿರ್ಗ್ಸುಕೆ ಆತಿಲ್ಲೆ. ಕೈಯಂಗೆ ಬಲ ಇಲ್ಲೆ. ಇವೆರಡ್ರಲ್ಲಿ ಸ್ಟೇರಿಂಗಿಗೆ ಯಾವ್ದ್ ಹಗುರ, ಅದ್ ಹೇಳಿ.”

ಬೆಂಚಿನ ಮೇಲಿದ್ದವರು ತಲೆಯೆತ್ತಿ ನೋಡಿದರು. ಪ್ರವೀಣ್ ಟಯರು ಒರೆಸುವುದನ್ನು ನಿಲ್ಲಿಸಿದ.

“ನೀವ್ ಅವತ್ತೇ ಹೇಳಿದ್ರಿ,” ಎಂದು ಅವಳು ಮುಂದುವರಿಸಿದಳು. “ನಂಗ್ ಸಿಟ್ಟ್ ಬಂತ್. ಹೌದ್ ಅಂತ ಗೊತ್ತಿದ್ದದ್ದಕ್ಕೇ ಸಿಟ್ಟ್ ಬಂದದ್ದ್.”

“ಈ ಒತ್ತಿದ್ದೇ ಹಗುರ ಅಕ್ಕ,” ಎಂದು ಅವನು ಅದನ್ನು ಮುಂದಕ್ಕೆ ಉರುಳಿಸಿದ. “ನಿಮ್ ಓಡಾಟ ಡಾಂಬ್ರ್ ಮೇಲೇ ಜಾಸ್ತಿ ಅಲ್ದಾ. ಒಂಚೂರ್ ಕೆಸ್ರಿಗೂ ಸಾಕಾತ್ತ್. ಮುಂದಿನ ಎರಡ್ ಹಾಕ್ತೆ, ನೀವೇ ಕೂಕಂಡ್ ತಿರ್ಗ್ಸಿ ಕಾಣಿ. ಸಮ ಇದ್ರೆ ಹಿಂದಿನದ್ ಹಾಕುವ.”

ಮುಂದಿನ ಚಕ್ರಗಳನ್ನು ಬದಲಾಯಿಸಿದ ಮೇಲೆ ಗಿರಿಜಾ ಹತ್ತಿ ಕೂತು, ನಿಂತ ಗಾಡಿಯಲ್ಲೇ ಸ್ಟೇರಿಂಗನ್ನು ಬಲಕ್ಕೆ, ಎಡಕ್ಕೆ ತಿರುಗಿಸಿದಳು. ತಿರುಗಿತು. ಮೊದಲಿನಷ್ಟು ಹಗುರವೇನಲ್ಲ, ಭುಜ ನೋಯುತ್ತಲೇ ಇತ್ತು. ಪ್ರಾಯದಲ್ಲಿ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದ ಗಾಡಿ ಇದು ಎಂದು ನೆನಪಾಗಿ ಅವಳ ಕಣ್ಣು ತುಂಬಿತು. ಸಾಕು, ಹಿಂದಿನದ್ದೂ ಹಾಕಿ ಎಂದಳು.

ಸಂಜೆ ಗಂಡನಿಗೂ ಮಗಳಿಗೂ ಎಲ್ಲ ಹೇಳಿದಳು. ಲೀಲಾಧರ, “ಆದ್ದ್ ಆಯ್ತ್, ಬಿಡ್,” ಎಂದ. ಶ್ರಾವ್ಯ ಅಮ್ಮನ ಭುಜಕ್ಕೆ ಮುಲಾಮು ತಿಕ್ಕುತ್ತ ಒಂದೇ ಮಾತು ಕೇಳಿದಳು: “ಜಲಜಕ್ಕನ ಹತ್ರ ಹೇಳಿದ್ಯಾ?”

ಹೇಳಲೆಂದು ಅವಳು ಗಂಗೊಳ್ಳಿಗೆ ಹೋದಳು. ಜೀಪನ್ನು ಗಲ್ಲಿಯ ಹೊರಗೇ ಬಿಟ್ಟು, ತಲೆ ತಗ್ಗಿಸಿ, ಐಸ್ ಪ್ಲಾಂಟಿನ ಹಿಂದಕ್ಕೆ ನಡೆದು ಹೋದಳು. ಕೆಸರಿನ ಮೇಲೆ ಕಲ್ಲು ಇಟ್ಟು, ಅದರ ಮೇಲೆ ಹಲಗೆ ಹಾಕಿ ಜಲಜ ಕೂತಿದ್ದಳು. ಕಾಲಿಗೆ ಬಟ್ಟೆ ಸುತ್ತಿತ್ತು. ಬುಟ್ಟಿಯ ಮೀನು ಮಾರಾಟವಾಗದೆ ಹಾಗೇ ಇತ್ತು.

ಗಿರಿಜಾ ಅವಳ ಹತ್ತಿರ ಕುಕ್ಕರಗಾಲಲ್ಲಿ ಕೂತು, ಸಣ್ಣ ಸ್ವರದಲ್ಲಿ ಎಲ್ಲ ಹೇಳಿದಳು. ಬುಟ್ಟಿ ಅಡ್ಡ ಇರಲಿಲ್ಲ, ತನ್ನ ಕೈ ಸೋತದ್ದು, ಮಾನ ಹೋಗುತ್ತದೆ ಎಂದು ಹಾಗೆ ಹೇಳಿದ್ದು, ತಪ್ಪಾಯಿತು.

ಜಲಜ ಮೀನಿನ ಮೇಲೆ ನೀರು ಚಿಮುಕಿಸುತ್ತ ಪೂರ್ತಿ ಕೇಳಿದಳು.

“ಅದ್ ನಂಗ್ ಗೊತ್ತಿತ್ತಲ ಅಮ್ಮ,” ಎಂದಳು. “ಬುಟ್ಟಿ ಎಲ್ಲಿತ್ತ್ ಅಂತ ಬುಟ್ಟಿ ಇಟ್ಟವ್ಳಿಗ್ ಗೊತ್ತಿಲ್ಯಾ? ನನ್ ಕಿವಿಗ್ ಬಂದ್ ಹೇಳ್ರೆ ಎಂತ ಆಯ್ತ್? ಅವತ್ತ್ ನೀವ್ ಹೇಳದ್ದ್ ಇಡೀ ಗಲ್ಲಿಗ್ ಕೇಂಡಿತ್ತ್. ನಾನ್ ಒಬ್ಳೇ ಅಲ್ಲ, ಎಲ್ರೂ ಜಾಗ ಬಿಟ್ಟ್ ಎದ್ದ್ ಬಂದದ್ದ್. ಹೇಳುದಾರೆ ಅಲ್ಲಿ ಹೇಳಿ.”

ಸಿಟ್ಟಿಲ್ಲದೆ ಹೇಳಿದ ಮಾತು. ಗಿರಿಜಾ ಎದ್ದು ಗಲ್ಲಿಗೆ ಬಂದಳು. ಜಿತೇಂದ್ರನ ಅಂಗಡಿಯ ಎದುರು ಏಳೆಂಟು ಜನ ಚಹಾ ಕುಡಿಯುತ್ತ ನಿಂತಿದ್ದರು. ಅವರಲ್ಲೊಬ್ಬ ಆ ಟೆಂಪೊದವನು. ಜಿತೇಂದ್ರ ಅವಳನ್ನು ಕಂಡು, “ಬನಿ ಗಿರಿಜಕ್ಕ, ಚಹಾ ಕುಡ್ಕಂಡ್ ಹೋಯ್ನಿ. ಕಂಡ್ರ್ಯಾ, ಈಗ ದಾರಿ ಎಷ್ಟ್ ಚೊಲೊ ಆಯ್ತ್!” ಎಂದು ನಗುತ್ತ ಕರೆದ. ಅವಳು ಬಾಯಿ ತೆರೆದಳು. “ಇನ್ನೊಂದ್ ಸಲ ಬತ್ತೆ,” ಎಂಬ ಮಾತು ಹೊರಗೆ ಬಂತು. ನೇರ ನಡೆದು ಹೋಗಿ ಜೀಪು ಹತ್ತಿದಳು. ಹಿಂದಿರುಗುವಾಗ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಅವತ್ತು ಗಟ್ಟಿಯಾಗಿ ಕೂಗಲು ಬಂದ ಸ್ವರ ಇವತ್ತು ಎಲ್ಲಿ ಹೋಯಿತು?

ಎರಡು ದಿನ ಅವಳು ಹೋಟೆಲಿನ ಗಲ್ಲಾದ ಹತ್ತಿರವೂ ಬರಲಿಲ್ಲ. ಯಾರಾದರೂ ಜೀಪಕ್ಕ ಎಂದು ಕರೆದರೆ ಚುಚ್ಚಿದ ಹಾಗಾಗುತ್ತಿತ್ತು. ಮೂರನೆಯ ಬೆಳಿಗ್ಗೆ ಶ್ರಾವ್ಯ ತಾನೂ ಬರುತ್ತೇನೆ ಎಂದಾಗ ಬೇಡವೆಂದಳು. ಈ ಸಲ ಜೀಪನ್ನು ಹೊರಗೆ ಬಿಡದೆ ಗಲ್ಲಿಯ ಒಳಗೇ ತಂದು, ತಿರುವಿನ ಮೊದಲು ನಿಲ್ಲಿಸಿದಳು.

“ಹ್ವಾಯ್ ಜಿತೇಂದ್ರ, ಒಂಚೂರ್ ಹೊರಗ್ ಬನಿ,” ಎಂದು ಕರೆದಳು.

ಏನೋ ಜಗಳ ಎಂದುಕೊಂಡು ಅಕ್ಕಪಕ್ಕದವರೂ ಬಂದರು. ಐಸ್ ಪ್ಲಾಂಟಿನ ಹಿಂದಿನಿಂದ ಮೀನಿನ ಹೆಂಗಸರೂ ಇಣುಕಿದರು.

“ಅವತ್ತ್ ಇಲ್ಲಿ ಆದದ್ದ್ ಜಲಜಂದ್ ತಪ್ಪಲ್ಲ,” ಎಂದಳು ಗಿರಿಜಾ. ಸ್ವರ ನಡುಗಿತು. ಹಿಂದೆ ನಿಂತವರಿಗೆ ಕೇಳಲಿಲ್ಲ, ಯಾರೋ “ಎಂತ, ಎಂತ?” ಎಂದರು. ಮತ್ತೆ ಮೊದಲಿನಿಂದ ಹೇಳಬೇಕಾಯಿತು. “ಬುಟ್ಟಿ ಗೋಡಿಗ್ ತಾಗೇ ಇತ್ತ್. ದಾರಿಗ್ ಅಡ್ಡ ಇರ್ಲಿಲ್ಲೆ. ನಾನ್ ಸುಳ್ಳ್ ಹೇಳದ್ದ್. ಜಂಬಕ್ಕೆ ಆ ಟಯರ್ ಹಾಕ್ಸಿದ್ದೆ. ನಂಗ್ ತಿರ್ಗ್ಸುಕೆ ಆಯ್ಲಿಲ್ಲೆ.”

ಜಿತೇಂದ್ರ ನಕ್ಕುಬಿಟ್ಟ.

“ಬಿಡಿ ಗಿರಿಜಕ್ಕ. ಅವ್ಳ ಕಾಲ್ ಕಂಡ್ ನಿಮ್ಗೆ ಪಾಪ ಅನ್ಸಿತ್ತ್, ಅದ್ಕೆ ಹೀಂಗೆ ಹೇಳ್ತ್ರಿ. ಇವ್ರ್ ಇಲ್ಲಿ ಕೂಕಂಡ್ರೆ ಯಾವ ಗಾಡಿಯೂ ತಿರ್ಗುದಿಲ್ಲೆ.”

ಅವಳ ಸುಳ್ಳನ್ನು ಅವನು ಒಂದೇ ಸಲಕ್ಕೆ ನಂಬಿದ್ದ. ನಿಜವನ್ನು ನಂಬಲು ತಯಾರಿರಲಿಲ್ಲ.

ಆಗ ಜಲಜ ಕುಂಟುತ್ತ ಬಂದಳು. ಹಲಗೆಯನ್ನು ಹಳೆಯ ಜಾಗದಲ್ಲಿ ಗೋಡೆಗೆ ತಾಗಿಸಿ ಹಾಕಿ, ಬುಟ್ಟಿಯಿಟ್ಟು, ಅದರ ಹಿಂದೆ ಕೂತಳು.

“ತಿರ್ಗ್ಸಿ ಅಮ್ಮ,” ಎಂದಳು.

“ನೀ ಏಳ್ ಮಾರಾಯ್ತಿ. ಬುಟ್ಟಿ ಮಾತ್ರ ಇರ್ಲಿ,” ಎಂದಳು ಗಿರಿಜಾ ಗಾಬರಿಯಿಂದ.

“ಅವತ್ತ್ ಬುಟ್ಟಿ ಮಾತ್ರ ಇದ್ದಿತ್ತಾ? ನಾನೂ ಇದ್ದಿದ್ದೆ.”

ಗಿರಿಜಾ ಜೀಪು ಹತ್ತಿದಳು. ಗಲ್ಲಿಯ ಎರಡೂ ಬದಿಗೆ ಜನ ಗೋಡೆಗೆ ಒತ್ತಿ ನಿಂತರು. ಅವಳು ಇಂಚಿಂಚಾಗಿ ಮುಂದೆ ಬಂದು ಸ್ಟೇರಿಂಗ್ ಸುತ್ತಿದಳು. ಮುಕ್ಕಾಲು ತಿರುವು ಬಂದಾಗ ಭುಜ ಕೈಕೊಟ್ಟಿತು. ಬ್ರೇಕ್ ಒತ್ತಿ ಹಿಡಿದಳು. ಜಲಜಳ ಮುಖ ಕಣ್ಣೆದುರಿಗೇ ಇತ್ತು; ಅವಳು ಕದಲಿರಲಿಲ್ಲ. ಎಲ್ಲರ ಎದುರು ಹಿಂದೆ ತೆಗೆಯಬೇಕಲ್ಲ ಎಂದು ಗಿರಿಜಾಳ ಮೈಯೆಲ್ಲ ಬೆವರಿತು. ಆದರೂ ಗೇರು ಹಾಕಿ ಹಿಂದೆ ತೆಗೆದಳು. “ಇನ್ನೊಂದ್ ಸಲ ತಕಂತೆ. ಕೈ ಸೋಲ್ತ್ ನಂಗೆ,” ಎಂದು ಯಾರಿಗೋ ಅಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಎರಡನೆಯ ಸಲ ಜೀಪು ತಿರುಗಿತು. ಚಕ್ರಕ್ಕೂ ಬುಟ್ಟಿಗೂ ನಡುವೆ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಜಾಗ ಉಳಿಯಿತು.

ಚಪ್ಪಾಳೆಯೇನೂ ಇಲ್ಲ. ಹಿಂದಿನಿಂದ ರಿಕ್ಷಾವೊಂದು ಹಾರ್ನ್ ಹೊಡೆಯಿತು, ಜನ ಚದುರಿದರು. ಒಬ್ಬ ಹೆಂಗಸು ಜಲಜಳ ಪಕ್ಕದಲ್ಲಿ ತನ್ನ ಹಲಗೆಯನ್ನೂ ತಂದು ಹಾಕಿದಳು. ಜಿತೇಂದ್ರ ಬೇಡವೆಂದ; ಎಲ್ಲರೂ ಕುಳಿತು ಮಾತಾಡಿದ ಮೇಲೆ ನೋಡುವ ಎಂದ. ಆ ಮಾತುಕತೆ ಮುಗಿಯಲು ಹಲವು ವಾರ ಬೇಕಾಯಿತು. ಅವರು ಕರೆದಾಗಲೆಲ್ಲ ಗಿರಿಜಾ ಹೋಗಿ ಅದೇ ಮಾತನ್ನು ಮತ್ತೆ ಹೇಳಿದಳು. ಪ್ರತಿ ಸಲವೂ ನಾಲಿಗೆ ತಡವರಿಸಿತು. ಕೊನೆಗೆ ಹೆಂಗಸರು ಗೋಡೆಯ ಬದಿಯ ಜಾಗಕ್ಕೆ ಮರಳಿದರು. ಒಬ್ಬಳು ಮಾತ್ರ ಅಷ್ಟರಲ್ಲಿ ವ್ಯಾಪಾರ ಬಿಟ್ಟು ಮಗಳ ಮನೆಗೆ ಹೋಗಿದ್ದಳು, ಮತ್ತೆ ಬರಲಿಲ್ಲ. ಅವಳ ಜಾಗ ಖಾಲಿ ಬಿದ್ದದ್ದನ್ನು ಗಿರಿಜಾ ಹೋದಾಗಲೆಲ್ಲ ನೋಡುತ್ತಾಳೆ.

ಜಲಜ ಈಗಲೂ ಹೋಟೆಲಿಗೆ ಮೀನು ಕೊಡುತ್ತಾಳೆ. ಒಳ್ಳೆಯದನ್ನೇ ಕೊಡುತ್ತಾಳೆ. ಆದರೆ ಗಿರಿಜಾ ಬರುವುದು ತಡವಾದರೆ ಮಾರಿಬಿಡುತ್ತಾಳೆ. ಗಿರಿಜಾ ಅದನ್ನು ಕೇಳಲು ಹೋಗಿಲ್ಲ.

ಮೊನ್ನೆ ಬಂದರಿನಿಂದ ಬರುವಾಗ ಹೆಮ್ಮಾಡಿ ದಾಟಿದ ಮೇಲೆ ಭುಜ ಬಹಳ ಎಳೆಯತೊಡಗಿತು. ಅವಳು ಜೀಪನ್ನು ರಸ್ತೆಯ ಬದಿಗೆ ತೆಗೆದು, ಕೈ ಚಾಚಿ ಕೂತಳು. ಆ ದಾರಿಯಲ್ಲಿ ಬಂದ ಪರಿಚಯದವರೊಬ್ಬರು ಬೈಕು ನಿಲ್ಲಿಸಿ, “ಗಾಡಿಗ್ ಎಂತ ಆಯ್ತ್ ಜೀಪಕ್ಕ?” ಎಂದು ಕೇಳಿದರು.

“ಗಾಡಿಗ್ ಎಂತ ಆಯ್ಲಿಲ್ಲೆ,” ಎಂದಳು ಗಿರಿಜಾ. ಮುಖ ಬಿಸಿಯಾದದ್ದು ಅವಳಿಗೆ ಗೊತ್ತಾಯಿತು. “ನಂಗ್ ಕೈ ನೋವ್. ಒಂಚೂರ್ ಕೂಕಂಡ್ ಹೋತೆ.”